ಮದುವೆ ವಿಡಿಯೊ ಎಡಿಟಿಂಗ್‌ಗೆ ಹೊಸ ಪಿಸಿ: ಬಿ650, ಬಿ850, ಎಕ್ಸ್870ರಲ್ಲಿ ಯಾವ ಬೋರ್ಡ್ ತಗೊಳ್ಳಲಿ?

ಹರಿಹರದ ಸ್ಟುಡಿಯೊ

ಎಲ್ಲರಿಗೂ ನಮಸ್ಕಾರ. ಹರಿಹರದಲ್ಲಿ ಚಿಕ್ಕ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ಗೃಹಪ್ರವೇಶ, ನಾಮಕರಣ, ಇಷ್ಟೇ ನಮ್ಮ ಕೆಲಸ. ಈಗಿನ ಪಿಸಿ ಇಂಟೆಲ್ ನಾಲ್ಕನೇ ತಲೆಮಾರಿನ ಐ5, ಎಚ್81 ಬೋರ್ಡ್, 16 ಜಿಬಿ ಡಿಡಿಆರ್3. ಹನ್ನೊಂದು ವರ್ಷ ದುಡಿದಿದೆ ಪಾಪ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ಗೆ ಬೆಂಬಲ ನಿಂತಿತು, 11 ಇದರಲ್ಲಿ ನೆಟ್ಟಗೆ ಕೂರುವುದಿಲ್ಲ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಹೊಸ ಕ್ಯಾಮೆರಾ ತಂದ ಮೇಲೆ (ಸೋನಿ ಎ7 ಮಾರ್ಕ್ 4) ಟೈಮ್‌ಲೈನ್ ಓಡುತ್ತಲೇ ಇಲ್ಲ. ತಾಳಿ ಕಟ್ಟುವ ಶಾಟ್ ನೋಡೋಣ ಅಂದರೆ ಗಟ್ಟಿಮೇಳ ಮೊದಲು ಕೇಳಿಸುತ್ತೆ, ವರನ ಕೈ ಆಮೇಲೆ ಏಳುತ್ತೆ.

ಪ್ರೊಸೆಸರ್ ಎಎಂಡಿಯ ರೈಝೆನ್ 7 7700, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5060 ಅಂತ ಹೆಚ್ಚುಕಮ್ಮಿ ಗಟ್ಟಿ ಮಾಡಿದ್ದೇನೆ. ಗೊಂದಲ ಇರುವುದು ಮದರ್‌ಬೋರ್ಡ್‌ನಲ್ಲಿ. ಅಂಗಡಿಯವರು "ಎಡಿಟಿಂಗ್ ಅಂದ್ರೆ ಎಕ್ಸ್870ಇ ಬೇಕೇ ಬೇಕು ಸರ್" ಅನ್ನುತ್ತಾರೆ. ನಮ್ಮ ತಂಗಿ ಮಗ "ಮಾಮ, ಎ620 ಸಾಕು, ಸುಮ್ನೆ ದುಡ್ಡು ಹಾಳು ಮಾಡಬೇಡ" ಅನ್ನುತ್ತಾನೆ. ಎರಡರ ನಡುವಿನ ಬೆಲೆಯಲ್ಲಿ ಒಂದು 50 ಎಂಎಂ ಲೆನ್ಸ್ ಬರುತ್ತೆ.

ಇನ್ನೊಂದು ವಿಷಯ. ನನ್ನ ಹತ್ತಿರ ನಾಲ್ಕು ಹಾರ್ಡ್ ಡಿಸ್ಕ್ ಇವೆ, ಎಲ್ಲಾ ಹಳೇ ಮದುವೆಗಳು. ಅವುಗಳನ್ನು ಒಳಗೇ ಹಾಕಬೇಕು. ಐದು ವರ್ಷದ ಹಿಂದಿನವರು ಈಗಲೂ ಫೋನ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡಿ ಅನ್ನುತ್ತಾರೆ.

ದೊಡ್ಡ ಚಿಪ್‌ಸೆಟ್ (ಬಿ650, ಎಕ್ಸ್870 ಅಂತ ಬೋರ್ಡ್‌ಗೆ ಹೆಸರು ಕೊಡುವ ಚಿಪ್) ಹಾಕಿದರೆ ಎಕ್ಸ್‌ಪೋರ್ಟ್ ಬೇಗ ಆಗುತ್ತಾ?

ಹಳೇ ಸ್ಕ್ರೂಡ್ರೈವರ್

ಇಲ್ಲ ಸರ್. ಒಂದು ಸೆಕೆಂಡೂ ಬೇಗ ಆಗುವುದಿಲ್ಲ. ಅದೇ 7700, ಅದೇ ರ‍್ಯಾಮ್, ಅದೇ ಕಾರ್ಡ್ ಇದ್ದರೆ ಎಕ್ಸ್870ಇ ಬೋರ್ಡ್‌ಗೂ ಒಂದು ಒಳ್ಳೆ ಬಿ650 ಬೋರ್ಡ್‌ಗೂ ರೆಂಡರ್ ಸಮಯದಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ. ಲೆಕ್ಕ ಮಾಡುವ ಕೆಲಸ ಪ್ರೊಸೆಸರ್ ಮತ್ತು ಕಾರ್ಡಿನದು. ಎಷ್ಟು ಡಿಸ್ಕ್ ಹಾಕಬಹುದು, ಎಷ್ಟು ಯುಎಸ್‌ಬಿ ಇರುತ್ತೆ, ಯಾವುದು ಎಷ್ಟು ವೇಗ, ಪ್ರೊಸೆಸರನ್ನು ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡಬಹುದಾ, ಇವು ಚಿಪ್‌ಸೆಟ್‌ನ ವಿಷಯ.

ಎಸ್.ಪಿ. ರೋಡ್‌ನಲ್ಲಿ ಹತ್ತು ಹನ್ನೆರಡು ವರ್ಷದಿಂದ ಪಿಸಿ ಜೋಡಿಸಿಕೊಡುತ್ತಿದ್ದೇನೆ. ಜನ ಮಾಡುವ ತಪ್ಪು ಒಂದೇ. ಚಿಪ್‌ಸೆಟ್ ಹೆಸರನ್ನು ಕಾರಿನ ಎಂಜಿನ್ ಸಿಸಿ ಥರ ಓದುತ್ತಾರೆ. ದೊಡ್ಡ ನಂಬರ್, ಜಾಸ್ತಿ ಪವರ್. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಎಕ್ಸ್870, ಬಿ850, ಬಿ650, ಮೂರು ಬೋರ್ಡ್‌ಗಳ ಹೀಟ್‌ಸಿಂಕ್ ಬಿಚ್ಚಿ ನೋಡಿದರೆ ಕೆಳಗೆ ಕೂತಿರುವುದು ಒಂದೇ ಜಾತಿಯ ಚಿಪ್. ಕೋಡ್‌ನೇಮ್ ಪ್ರೊಮಂಟರಿ 21. ಎಕ್ಸ್670, ಎಕ್ಸ್870ಇ ಅಂದರೆ ಅದೇ ಚಿಪ್ ಎರಡು. ಅಷ್ಟೇ ಕಥೆ.

ಹರಿಹರದ ಸ್ಟುಡಿಯೊ

ಒಂದೇ ಚಿಪ್ ಆದರೆ ಬೆಲೆ ಯಾಕೆ ಬೇರೆ?

ಹಳೇ ಸ್ಕ್ರೂಡ್ರೈವರ್

ಚಿಪ್ ಒಂದೇ, ಕಟ್ಟುಪಾಡು ಬೇರೆ. ಎಕ್ಸ್870 ಅಂತ ಹೆಸರು ಹಾಕಬೇಕಾದರೆ ಬೋರ್ಡ್ ಕಂಪನಿಯವರು ಯುಎಸ್‌ಬಿ4 ಕೊಡಲೇಬೇಕು. ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 5.0 (ಕಾರ್ಡ್, ಎಸ್‌ಎಸ್‌ಡಿ ಸೇರುವ ದಾರಿ, ನಂಬರ್ ದೊಡ್ಡದಾದಷ್ಟೂ ವೇಗ) ಇರಲೇಬೇಕು, ಮೊದಲ ಎಂ.2 (ಎಸ್‌ಎಸ್‌ಡಿ ಸ್ಲಾಟ್) ಕೂಡ 5.0. ಬಿ850ರಲ್ಲಿ ಮೊದಲ ಎಂ.2 5.0 ಇರಬೇಕು, ಗ್ರಾಫಿಕ್ಸ್ ಸ್ಲಾಟ್ 4.0 ಆದರೂ ನಡೆಯುತ್ತೆ. ಬಿ650ಯಲ್ಲಿ ಎರಡಕ್ಕೂ 4.0 ಸಾಕು, ಕೆಲವರು ಎಂ.2ಗೆ 5.0 ಕೊಟ್ಟಿರುತ್ತಾರೆ. ಬಿ650ಇ ಅಂತಿದ್ದರೆ ಎರಡೂ 5.0. ಎ620 ಬೇರೆ ದರ್ಜೆ. ಅದರಲ್ಲಿ 5.0 ಇಲ್ಲ, ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ರ‍್ಯಾಮ್‌ಗೆ ಎಕ್ಸ್‌ಪೋ (ಅದರ ವೇಗ ಏರಿಸುವ ಸೆಟ್ಟಿಂಗ್) ಹಾಕಬಹುದು.

ನಿಮ್ಮ ಅಳಿಯ ಪೂರ್ತಿ ತಪ್ಪು ಹೇಳಿಲ್ಲ. 7700 ತಿನ್ನುವುದೇ ಕಮ್ಮಿ, 65 ವ್ಯಾಟ್ ದರ್ಜೆ, ಗರಿಷ್ಠ 88 ವ್ಯಾಟ್. ಎ620 ಅದನ್ನು ಹೊರುತ್ತೆ. ತೊಂದರೆ ಅಂದರೆ ಎ620 ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಎಂ.2 ಒಂದೋ ಎರಡೋ ಇರುತ್ತೆ, ರ‍್ಯಾಮ್ ಸ್ಲಾಟ್ ಎರಡೇ. ನಾಲ್ಕು ಡಿಸ್ಕ್ ಇಟ್ಟುಕೊಂಡವರಿಗೆ ಇಕ್ಕಟ್ಟು.

ನಾಲೆ ಪಕ್ಕದ ಮನೆ

ಹರಿಹರದವರು ಅಂದ ಮೇಲೆ ನಿಮಗೆ ನಮ್ಮ ಭಾಷೆಯಲ್ಲೇ ಹೇಳಬಹುದು ಅಣ್ಣ. ಪ್ರೊಸೆಸರ್ ಅಂದರೆ ಭದ್ರಾ ಡ್ಯಾಂ ಅಂದುಕೊಳ್ಳಿ. ಎಎಂ5 (ನಿಮ್ಮ 7700 ಕೂರುವ ಸಾಕೆಟ್) ಡ್ಯಾಂನಿಂದ 28 ಲೇನ್, ಅಂದರೆ ಡೇಟಾ ಹರಿಯುವ ದಾರಿ, ಹೊರಡುತ್ತೆ. 16 ನೇರ ಗ್ರಾಫಿಕ್ಸ್ ಕಾರ್ಡ್‌ಗೆ. 8 ಎಂ.2 ಮತ್ತು ಇತರೆಗೆ, ಅವೂ ನೇರ. ಉಳಿದ 4 ಮಾತ್ರ ಚಿಪ್‌ಸೆಟ್ ಎನ್ನುವ ನಾಲೆಗೆ. ಆ 4 ಲೇನ್ ಪಿಸಿಐಇ 4.0 ವೇಗದ್ದು, ಸೆಕೆಂಡಿಗೆ ಸುಮಾರು 8 ಜಿಬಿ. ಸಾಟಾ ಡಿಸ್ಕ್ (ನಿಮ್ಮ ಹಾರ್ಡ್ ಡಿಸ್ಕ್ ಥರದ್ದು), ಲ್ಯಾನ್, ವೈಫೈ, ಬಹುಪಾಲು ಯುಎಸ್‌ಬಿ, ಮೂರನೇ ಎಂ.2, ಎಲ್ಲಾ ಇದೇ ನಾಲೆ ನೀರು ಕುಡಿಯುವವು.

ಎಕ್ಸ್870ಇ ತಗೊಂಡರೆ ಏನಾಗುತ್ತೆ? ನಾಲೆಗೆ ತೂಬುಗಳು ಜಾಸ್ತಿ ಆಗುತ್ತವೆ. ಡ್ಯಾಂನಿಂದ ಬಿಡುವ ನೀರು ಅಷ್ಟೇ. ಎರಡನೇ ಚಿಪ್ ಕೂಡ ಮೊದಲ ಚಿಪ್‌ನ ಬಾಲ ಹಿಡಿದೇ ನಿಂತಿರುತ್ತೆ, ಅದಕ್ಕೆ ಡ್ಯಾಂಗೆ ಬೇರೆ ದಾರಿ ಇಲ್ಲ. ಕೊನೇ ಭಾಗದ ಗದ್ದೆಯವರ ಪಾಡು ದಾವಣಗೆರೆ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾ?

ಆದರೆ ಹೆದರಬೇಡಿ. ನಿಮ್ಮ ನಾಲ್ಕು ಹಾರ್ಡ್ ಡಿಸ್ಕ್ ಒಟ್ಟಿಗೆ ಓಡಿದರೂ ಸೆಕೆಂಡಿಗೆ 1 ಜಿಬಿ ಮುಟ್ಟುವುದು ಕಷ್ಟ. ನಾಲೆ ತುಂಬುವುದಿಲ್ಲ. ಎಡಿಟ್ ಮಾಡುವ ಫುಟೇಜ್ ಇರುವ ಎಸ್‌ಎಸ್‌ಡಿಯನ್ನು ಮಾತ್ರ ಪ್ರೊಸೆಸರ್‌ಗೆ ನೇರ ಸೇರುವ ಎಂ.2ಗೆ ಹಾಕಿ. ಸಾಮಾನ್ಯವಾಗಿ ಪ್ರೊಸೆಸರ್‌ಗೆ ಹತ್ತಿರ ಇರುವ ಸ್ಲಾಟ್ ಅದು.

ನೀಲಿ ಡಬ್ಬಿ

ಎಲ್ಲರೂ ಎಎಂಡಿ ಕಡೆಯೇ ತಳ್ಳುತ್ತಿದ್ದೀರಿ. ಮದುವೆ ವಿಡಿಯೊ, ಸೋನಿ ಕ್ಯಾಮೆರಾ ಅಂತ ಅವರು ಮೊದಲೇ ಹೇಳಿದ್ದಾರೆ. ಆ ಫೈಲ್‌ಗಳು 10 ಬಿಟ್ 4:2:2, ಅಂದರೆ ಬಣ್ಣದ ವಿವರ ಜಾಸ್ತಿ ಇರುವಂಥವು. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಒಳಗಿರುವ ಗ್ರಾಫಿಕ್ಸ್‌ನಲ್ಲೇ, ಅಂದರೆ ಕ್ವಿಕ್ ಸಿಂಕ್‌ನಲ್ಲಿ, ಎಚ್.265 (ವಿಡಿಯೊ ಕುಗ್ಗಿಸಿಡುವ ಒಂದು ಬಗೆ) 4:2:2 ಬಿಚ್ಚುವ ತಾಕತ್ತಿದೆ. ರೈಝೆನ್ ಒಳಗಿನ ಗ್ರಾಫಿಕ್ಸ್‌ಗೆ ಇಲ್ಲ. ಬಿ760 ಬೋರ್ಡ್, ಒಂದು ಐ5 ಹಾಕಿ ಮುಗಿಸಿ. ನಾನು ಎರಡು ವರ್ಷದಿಂದ ಅದರಲ್ಲೇ ಎಡಿಟ್ ಮಾಡುತ್ತಿದ್ದೇನೆ. ಬೆಣ್ಣೆ ಥರ ಓಡುತ್ತೆ.

ಹರಿಹರದ ಸ್ಟುಡಿಯೊ

ಇದು ಗೊತ್ತೇ ಇರಲಿಲ್ಲ. ಹಾಗಾದರೆ ಪೂರ್ತಿ ಪ್ಲ್ಯಾನ್ ಬದಲಾಯಿಸಬೇಕಾ? ಅಂಗಡಿಯವರು ಕೊಟ್ಟ ಇನ್ನೊಂದು ಕೊಟೇಶನ್‌ನಲ್ಲಿ 14400ಎಫ್, ಎಚ್610 ಬೋರ್ಡ್ ಇದೆ.

ಹಳೇ ಸ್ಕ್ರೂಡ್ರೈವರ್

ಆ ಕೊಟೇಶನ್ ಹರಿದು ಹಾಕಿ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕ್ವಿಕ್ ಸಿಂಕ್‌ಗಾಗಿ ಇಂಟೆಲ್ ತಗೊಂಡು ಎಫ್ ಹಾಕಿಸಿಕೊಂಡವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಎಚ್610 ಇನ್ನೂ ಬಡಪಾಯಿ. ರ‍್ಯಾಮ್ ಸ್ಲಾಟ್ ಎರಡೇ, ರ‍್ಯಾಮ್ ಓವರ್‌ಕ್ಲಾಕ್ ಇಲ್ಲ. ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಡಿಗೆ ಅಂತ ಇರುವ ನೇರ ಲೇನ್‌ಗಳನ್ನು ಆ ಚಿಪ್‌ಸೆಟ್ ಬಳಸುವುದಕ್ಕೇ ಬಿಡುವುದಿಲ್ಲ. ಬಿಲ್ ಟೈಪ್ ಮಾಡುವ ಕಂಪ್ಯೂಟರ್‌ಗೆ ಸರಿ.

ನೀಲಿ ಡಬ್ಬಿ ಹೇಳಿದ್ದು ನಿಜ, ಆದರೆ ಎರಡು ಮಾತು ಬಿಟ್ಟರು. ಕ್ವಿಕ್ ಸಿಂಕ್ ಸಹಾಯ ಮಾಡುವುದು ಎಚ್.265ಗೆ. ಅದೇ ಸೋನಿಯಲ್ಲಿ ಎಕ್ಸ್‌ಎವಿಸಿ ಎಸ್ ಅಂತ ಇಟ್ಟುಕೊಂಡು 4:2:2 ಹೊಡೆದರೆ ಅದು ಎಚ್.264. ಬಿ760 ಕಾಲದ ಇಂಟೆಲ್ ಅದಕ್ಕೆ ಕೈ ಚೆಲ್ಲುತ್ತೆ. ಎಕ್ಸ್‌ಎವಿಸಿ ಎಚ್‌ಎಸ್ ಇಟ್ಟರೆ ಮಾತ್ರ ಎಚ್.265. ಎರಡನೆಯದು, ಇವರು ತಗೊಳ್ಳುತ್ತಿರುವುದು ಆರ್‌ಟಿಎಕ್ಸ್ 5060. ಎನ್‌ವಿಡಿಯಾ 50 ಸರಣಿಯಿಂದ ಕಾರ್ಡೇ 4:2:2 ಬಿಚ್ಚುತ್ತೆ, 264, 265 ಎರಡೂ. 40 ಸರಣಿಗೆ ಬರುತ್ತಿರಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಆದರೆ ಹೊಸ ಆವೃತ್ತಿ ಇರಲಿ ಅಷ್ಟೇ. ಕಾರ್ಡೇ ಆ ಕೆಲಸ ಮಾಡುವಾಗ ಅದೊಂದಕ್ಕಾಗಿ ಇಂಟೆಲ್‌ಗೆ ಹೋಗಬೇಕಿಲ್ಲ.

ನೀಲಿ ಡಬ್ಬಿ

ಕಾರ್ಡ್ 5060 ಅನ್ನುವುದನ್ನು ಓದದೇ ಬರೆದೆ, ತಪ್ಪಾಯಿತು. ಕಾರ್ಡ್ ಇಲ್ಲದೆ ಎಡಿಟ್ ಮಾಡುವವರಿಗೆ ನನ್ನ ಮಾತು ಈಗಲೂ ನಿಲ್ಲುತ್ತೆ.

ಹಳೇ ಸ್ಕ್ರೂಡ್ರೈವರ್

ನಿಲ್ಲುತ್ತೆ ಗುರು, ಒಪ್ಪಿದೆ. ನಾನು ಇನ್ನೊಂದು ಕಾರಣಕ್ಕೆ ಎಎಂ5 ಅನ್ನುತ್ತೇನೆ. ಇಂಟೆಲ್‌ನ 1700 ಸಾಕೆಟ್‌ಗೆ 12, 13, 14ನೇ ತಲೆಮಾರು ಬಂದವು, ಕಥೆ ಮುಗಿಯಿತು. ಎಎಂ5ಗೆ 2022ರಲ್ಲಿ 7000 ಸರಣಿ ಬಂತು, 2024ರಲ್ಲಿ 9000 ಸರಣಿ ಬಂತು, 2027ರ ತನಕ ಮತ್ತು ಮುಂದೆಯೂ ಬೆಂಬಲ ಅಂತ ಎಎಂಡಿಯವರೇ ಹೇಳಿದ್ದಾರೆ. ಕಂಪನಿ ಮಾತು ನಂಬಬಹುದಾ ಅಂತ ಕೇಳಬಹುದು. ನನ್ನ ಮನೆಯ ಪಿಸಿ 2017ರ ಬಿ350 ಬೋರ್ಡ್, ಎಎಂ5ಗಿಂತ ಹಿಂದಿನ ಎಎಂ4 ಸಾಕೆಟ್. ಮೊದಲು ರೈಝೆನ್ 5 1600 ಇತ್ತು. ಈಗ ಅದೇ ಬೋರ್ಡ್‌ನಲ್ಲಿ 5700ಎಕ್ಸ್ ಓಡುತ್ತಿದೆ, ಪ್ರೊಸೆಸರ್ ಬಿಟ್ಟರೆ ಬಯಾಸ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ದಷ್ಟೇ ಕೆಲಸ. ನಿಮ್ಮಂಥ ಹನ್ನೊಂದು ವರ್ಷ ಒಂದೇ ಪಿಸಿ ಓಡಿಸುವವರಿಗೆ ಇದು ದೊಡ್ಡ ವಿಷಯ.

ಕರಾವಳಿ ಕೀಬೋರ್ಡ್

ಒಂದು ಅಡ್ಡ ಮಾತು. 2025ರ ಕೊನೆಯಿಂದ ಡಿಡಿಆರ್5 ಬೆಲೆ ಏರಿದ್ದು ನೋಡಿದ್ದೀರಾ? ಎಐ ಸರ್ವರ್‌ಗಳಿಗೇ ಮೆಮೊರಿ ಎಲ್ಲಾ ಹೋಗುತ್ತಿದೆ, ನಮ್ಮಂಥವರಿಗೆ ಉಳಿದದ್ದು ಅಳಿದದ್ದು. ಬಿ550 ಬೋರ್ಡ್, 5700ಎಕ್ಸ್, ಸೆಕೆಂಡ್ ಹ್ಯಾಂಡ್ ಡಿಡಿಆರ್4 ಅಂತ ಯಾಕೆ ಯೋಚಿಸಬಾರದು? ಬಿ550ಯಲ್ಲಿ ಗ್ರಾಫಿಕ್ಸ್ ಸ್ಲಾಟ್ ಮತ್ತು ಮೊದಲ ಎಂ.2 4.0 ಇದೆ.

ಹಳೇ ಸ್ಕ್ರೂಡ್ರೈವರ್

ಅಕ್ಕ, ಮನೆಯಲ್ಲಿ ಡಿಡಿಆರ್4 ಬಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇವರ ಹಳೇ ರ‍್ಯಾಮ್ ಡಿಡಿಆರ್3, ಯಾವುದಕ್ಕೂ ಕೂರುವುದಿಲ್ಲ. ಹೇಗಿದ್ದರೂ ಕೊಳ್ಳಲೇಬೇಕು. ಬಜೆಟ್ ಪೂರ್ತಿ ಮುರಿದರೆ ಬಿ550 ದಾರಿ ಇದ್ದೇ ಇದೆ, ಕೆಟ್ಟದ್ದೇನಲ್ಲ. ಆದರೆ 5700ಎಕ್ಸ್ ಕೇಳಿದರೆ 5700ಜಿ (ಒಳಗೇ ಗ್ರಾಫಿಕ್ಸ್ ಇರುವ ಬಗೆ) ಕೊಟ್ಟು ಕಳಿಸುವವರಿದ್ದಾರೆ. ಜಿ ಹಾಕಿದರೆ ಗ್ರಾಫಿಕ್ಸ್ ಸ್ಲಾಟ್ 3.0ಕ್ಕೆ ಇಳಿಯುತ್ತೆ. 5060 ಬಳಸುವುದೇ 8 ಲೇನ್. 8 ಲೇನ್ ಮೇಲೆ 3.0 ಅಂದರೆ ಎರಡು ಕಡೆ ಹೊಡೆತ.

ಕರಾವಳಿ ಕೀಬೋರ್ಡ್

ಆಯ್ತಪ್ಪ. ಇದೇ ತೊಂದರೆ ಎಎಂ5ನಲ್ಲಿ 8000ಜಿಗೂ ಇದೆ ಅಲ್ವಾ? ನಮ್ಮ ಆಫೀಸಿನ 8500ಜಿ ಕಾರ್ಡ್‌ಗೆ ಕೊಡುವುದು ನಾಲ್ಕೇ ಲೇನ್. ಬೋರ್ಡ್ ಎಷ್ಟು ದೊಡ್ಡದಾದರೂ ಅಷ್ಟೇ.

ಹಳೇ ಸ್ಕ್ರೂಡ್ರೈವರ್

ಹೌದು. ಡ್ಯಾಂನಲ್ಲೇ ನೀರಿಲ್ಲದಿದ್ದರೆ ನಾಲೆ ಅಗಲ ಮಾಡಿ ಏನು ಬಂತು.

ರಾಯಚೂರ ಬಿಸಿಲು

ಚಿಪ್‌ಸೆಟ್ ಚಿಪ್‌ಸೆಟ್ ಅಂತ ಕೂತರೆ ಹೆಂಗ್ರಿ, ಬೋರ್ಡ್ ನೋಡಬೇಕಲ್ಲ. ನನ್ನ ಕಥೆ ಕೇಳ್ರಿ. ಕಂಪನಿ ಹೆಸರು ಬೇಡ. ಬಿ650 ಅಂತಲೇ ತಗೊಂಡೆ, ಇದ್ದುದರಲ್ಲಿ ಅಗ್ಗದ್ದು. ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡೋ ಭಾಗ) ಮೇಲೆ ಒಂದು ಕಡೆ ಹೀಟ್‌ಸಿಂಕ್ ಇತ್ತು, ಇನ್ನೊಂದು ಕಡೆ ಬರೀ ಮೈ. ಅದಕ್ಕೆ 170 ವ್ಯಾಟ್‌ನ 12 ಕೋರ್ ಪ್ರೊಸೆಸರ್ ಕೂರಿಸಿದೆ. ಡಿಸೆಂಬರ್‌ನಲ್ಲಿ ಬಂಗಾರದಂಗೆ ಓಡಿತು. ಮೇ ತಿಂಗಳು ಬಂತು, ಹೊರಗೆ 42 ಡಿಗ್ರಿ, ಒಳಗೆ ಎಸಿ ಇಲ್ಲ. ರೆಂಡರ್ ಹಾಕಿದ ಹತ್ತು ನಿಮಿಷಕ್ಕೆ ಪ್ರೊಸೆಸರ್ ವೇಗ ಅರ್ಧಕ್ಕೆ ಇಳಿಯೋದು. ಪ್ರೊಸೆಸರ್ ಬಿಸಿ ನೋಡಿದರೆ ಸರಿಯಾಗೇ ಇತ್ತು, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ವಿಆರ್‌ಎಂ ಕಾದು ಹಂಚಾಗಿತ್ತು. ರೊಟ್ಟಿ ಸುಡಬಹುದಿತ್ತು. ಚಿಕ್ಕ ಫ್ಯಾನ್ ಒಂದನ್ನ ಟ್ಯಾಗ್ ಹಾಕಿ ಕಟ್ಟಿದ ಮೇಲೆ ಸರಿ ಹೋಯಿತು.

ಒಂದೇ ಬಿ650 ಹೆಸರಿನಲ್ಲಿ ಕುದುರೆನೂ ಇದೆ, ಕತ್ತೆನೂ ಇದೆ. ಹರಿಹರದಲ್ಲೂ ಏಪ್ರಿಲ್ ತಣ್ಣಗೇನಿರಲ್ಲ ಅಲ್ರೀ?

ಹರಿಹರದ ಸ್ಟುಡಿಯೊ

ಇಲ್ಲ ಸರ್, ನಮ್ಮಲ್ಲೂ ತಗಡಿನ ಮೇಲ್ಛಾವಣಿ. ಮದುವೆ ಸೀಸನ್ನೂ ಅದೇ ಏಪ್ರಿಲ್, ಮೇ.

ಹಳೇ ಸ್ಕ್ರೂಡ್ರೈವರ್

ಹಾಗಾದರೆ ವಿಆರ್‌ಎಂ ಎರಡು ಕಡೆಯೂ ಹೀಟ್‌ಸಿಂಕ್ ಇರುವುದನ್ನೇ ತಗೊಳ್ಳಿ. 7700ಗೆ ಅಗತ್ಯಕ್ಕಿಂತ ಜಾಸ್ತಿ ಅದು, ಆದರೆ ಮೂರು ವರ್ಷ ಬಿಟ್ಟು 12 ಕೋರ್ ಹಾಕುವ ಆಸೆ ಬಂದರೆ ಬೋರ್ಡ್ ತಾಳಿಕೊಳ್ಳುತ್ತೆ. ಎಕ್ಸ್870ಇಗೆ ಕೊಡುವ ದುಡ್ಡಿನಲ್ಲಿ ಅರ್ಧ ಇಲ್ಲಿ ಹಾಕಿ, ಉಳಿದದ್ದು ರ‍್ಯಾಮ್‌ಗೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಬೋರ್ಡ್‌ನ ಮ್ಯಾನ್ಯುಯಲ್ ಪಿಡಿಎಫ್ ಕಂಪನಿ ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಅದರಲ್ಲಿ ಎಂ.2 ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಈ ಸ್ಲಾಟ್ ತುಂಬಿದರೆ ಆ ಸಾಟಾ ಪೋರ್ಟ್ ಕೆಲಸ ಮಾಡದು ಅಂತ. ಡಬ್ಬಿ ಮೇಲೆ ಮೂರು ಎಂ.2, ನಾಲ್ಕು ಸಾಟಾ ಅಂತ ಇದ್ದರೂ ಎಲ್ಲವನ್ನೂ ಒಟ್ಟಿಗೆ ಬಳಸುವುದಕ್ಕೆ ಆಗದಿರಬಹುದು. ಒಂದು ಪ್ರೊಮಂಟರಿ 21 ಚಿಪ್‌ನಿಂದ ನಾಲ್ಕು ಸಾಟಾ ಮಾತ್ರ ಬರುತ್ತೆ, ಅದೂ 3.0 ಲೇನ್‌ಗಳನ್ನೇ ಸಾಟಾಗೆ ತಿರುಗಿಸಿ. ಕೆಲವು ಬೋರ್ಡ್‌ನವರು ಎರಡು ಸಾಟಾ ಕೊಟ್ಟು ಉಳಿದ ಲೇನ್ ಬೇರೆ ಕಡೆ ಹರಿಸಿರುತ್ತಾರೆ. ನಿಮಗೆ ನಾಲ್ಕು ಡಿಸ್ಕ್, ಇದೇ ಮುಖ್ಯ.

ಎಕ್ಸ್870 ಬೋರ್ಡ್‌ಗಳಲ್ಲಿ ಇನ್ನೊಂದು ತಮಾಷೆ. ಯುಎಸ್‌ಬಿ4 ಕಡ್ಡಾಯ ಅಂದೆನಲ್ಲ, ಅದು ಪ್ರೊಸೆಸರ್‌ನ ನಾಲ್ಕು ಲೇನ್ ತಿನ್ನುತ್ತೆ. ಹಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಹಾಕಿದರೆ ಯುಎಸ್‌ಬಿ4 ವೇಗ ಅರ್ಧ, ಇಲ್ಲವೇ ಎರಡರಲ್ಲಿ ಒಂದು. ಯುಎಸ್‌ಬಿ4 ಡಿಸ್ಕ್ ನಿಮ್ಮ ಹತ್ತಿರ ಇಲ್ಲದಿದ್ದರೆ, ಬಳಸದ ಪೋರ್ಟ್‌ಗೆ ದುಡ್ಡು ಕೊಟ್ಟು ಬಳಸುವ ಎಂ.2 ಕಳಕೊಂಡ ಹಾಗೆ.

ಹರಿಹರದ ಸ್ಟುಡಿಯೊ

ಕಾರ್ಡ್ ರೀಡರ್ ಮಾತ್ರ ಇದೆ, 10 ಜಿಬಿಪಿಎಸ್‌ದು. ಹಾಗಾದರೆ ಬಿ650 ಅಥವಾ ಬಿ850. ಎರಡರಲ್ಲಿ? ಮತ್ತೆ ಬಿ840 ಅಂತಲೂ ಒಂದು ತೋರಿಸಿದರು, ಬಿ850ಗಿಂತ ಸ್ವಲ್ಪ ಅಗ್ಗ.

ನಾಲೆ ಪಕ್ಕದ ಮನೆ

ಬಿ840 ಬೇಡವೇ ಬೇಡ ಅಣ್ಣ. ನಂಬರ್ ನೋಡಿದರೆ ಬಿ850ಯ ತಮ್ಮ ಅನಿಸುತ್ತೆ. ಬೇರೆ ಮನೆಯ ಮಗು ಅದು. ಹಳೇ ಚಿಪ್, ಅದರಿಂದ ಬರುವ ಲೇನ್‌ಗಳು 3.0. ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಹೆಸರಿನಲ್ಲಿ ಬಿ, ಗುಣದಲ್ಲಿ ಎ620 ಹತ್ತಿರ.

ಹಳೇ ಸ್ಕ್ರೂಡ್ರೈವರ್

ಬಿ650, ಬಿ850 ಬೆಲೆ ಹೆಚ್ಚುಕಮ್ಮಿ ಒಂದೇ ಇದ್ದರೆ ಬಿ850. ಹೊಸ ಸ್ಟಾಕ್ ಇರುತ್ತೆ, 9000 ಪ್ರೊಸೆಸರ್‌ಗೆ ಬಯಾಸ್ ಆಗಲೇ ಹಾಕಿರುತ್ತಾರೆ. ಬಿ650 ಎರಡು ಮೂರು ಸಾವಿರ ಕಮ್ಮಿಗೆ ಸಿಕ್ಕರೆ, ವಿಆರ್‌ಎಂ ಚೆನ್ನಾಗಿದ್ದರೆ, ಅದೇ ಸಾಕು. ಹಿಂದೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ನೋಡಿ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕಬಹುದು.

ರ‍್ಯಾಮ್ ದುಬಾರಿ ಅಂತ ಈಗ ಎರಡು 8 ಜಿಬಿ, ಆಮೇಲೆ ಇನ್ನೆರಡು ಅಂತ ಹೋಗಬೇಡಿ. ಎಎಂ5ನಲ್ಲಿ ನಾಲ್ಕು ಕಡ್ಡಿ ಹಾಕಿದರೆ ಅಧಿಕೃತ ವೇಗ 3600ಕ್ಕೆ ಬೀಳುತ್ತೆ. ಎರಡು 16 ತಗೊಳ್ಳಿ. ತೀರಾ ಕೈ ಕಚ್ಚಿದರೆ ಒಂದು 16 ಹಾಕಿ ಓಡಿಸಿ, ಮುಂದಿನ ಮುಹೂರ್ತದ ದುಡ್ಡು ಬಂದ ಮೇಲೆ ಅದೇ ಮಾಡೆಲ್‌ನ ಇನ್ನೊಂದು.

ಕರಾವಳಿ ಕೀಬೋರ್ಡ್

ಯುಪಿಎಸ್ ಮರೆಯಬೇಡಿ. ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಯಾವ ಚಿಪ್‌ಸೆಟ್ ಆದರೂ ಒಂದೇ.

ಹರಿಹರದ ಸ್ಟುಡಿಯೊ

ಹನ್ನೆರಡು ದಿನ ಆಯಿತು, ಬಂದು ಹೇಳಲಿಲ್ಲ, ಕ್ಷಮಿಸಿ. ನಡುವೆ ಎರಡು ಮದುವೆ ಇದ್ದವು. ಬಿ850 ತಗೊಂಡೆ. ಮೂರು ಎಂ.2, ನಾಲ್ಕು ಸಾಟಾ. ಮ್ಯಾನ್ಯುಯಲ್ ಓದಿದೆ, ಎಲ್ಲಾ ಒಟ್ಟಿಗೆ ನಡೆಯುತ್ತೆ ಅಂತಿದೆ. ವಿಆರ್‌ಎಂಗೆ ಎರಡು ಕಡೆ ಹೀಟ್‌ಸಿಂಕ್. 7700 ಡಬ್ಬಿಯಲ್ಲೇ ಕೂಲರ್ ಬಂತು. ರ‍್ಯಾಮ್ ಎರಡು 16.

ಈಗ ನಾನೂ ಅಳಿಯನೂ ಸೇರಿ ಜೋಡಿಸಿದೆವು. ಆನ್ ಮಾಡಿದರೆ ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರುತ್ತಿಲ್ಲ. ಬೋರ್ಡ್ ಮೇಲೆ ಡಿರ‍್ಯಾಮ್ ಅಂತ ಒಂದು ಕಿತ್ತಳೆ ದೀಪ ಉರಿಯುತ್ತಿದೆ. ಮೂರು ನಿಮಿಷ ಆಯಿತು. ಆಫ್ ಮಾಡಲಾ?

ಹಳೇ ಸ್ಕ್ರೂಡ್ರೈವರ್

ಮುಟ್ಟಬೇಡಿ! ಎಎಂ5 ಮೊದಲ ಸಲ ಆನ್ ಆದಾಗ ರ‍್ಯಾಮ್ ಪಾಠ ಕಲಿಯುತ್ತೆ. ಕೆಲವೊಮ್ಮೆ ಹತ್ತು ನಿಮಿಷವೂ ಆಗುತ್ತೆ. ಹೋಗಿ ಒಂದು ಟೀ ಕುಡಿದು ಬನ್ನಿ.

ರಾಯಚೂರ ಬಿಸಿಲು

ನಾನು ಇದೇ ಹೊತ್ತಲ್ಲಿ ರ‍್ಯಾಮ್ ಕಿತ್ತು ಕಿತ್ತು ಹಾಕಿ ಒಂದು ರಾತ್ರಿ ಕಳೆದವನ್ರಿ. ಕೈ ಕಟ್ಟಿ ಕೂಡ್ರಿ.

ಹರಿಹರದ ಸ್ಟುಡಿಯೊ

ಬಂತು! ಟೀ ಅರ್ಧ ಆಗಿತ್ತು, ಅಳಿಯ ಕೂಗಿದ. ಬಯಾಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡಿದೆ, 6000 ತೋರಿಸುತ್ತಿದೆ. ವಿಂಡೋಸ್ ಹಾಕಿ ಮೊನ್ನೆಯ ಮದುವೆ ಫೈಲ್ ಎಳೆದು ನೋಡಿದೆ. ಗಟ್ಟಿಮೇಳಕ್ಕೆ ಸರಿಯಾಗಿ ಕೈ ಏಳುತ್ತಿದೆ.

ಒಂದು ಚಿಕ್ಕ ತೊಂದರೆ. ಡಿಸ್ಕ್ ಎರಡು ಮಾತ್ರ ಹಾಕಿದ್ದೇನೆ, ಬೋರ್ಡ್ ಡಬ್ಬಿಯಲ್ಲಿ ಎರಡೇ ಸಾಟಾ ಕೇಬಲ್ ಇತ್ತು. ಹೊಸ ಎಸ್‌ಎಂಪಿಎಸ್‌ನಿಂದ ಡಿಸ್ಕ್‌ಗೆ ಕರೆಂಟ್ ಕೊಡುವ ಕೇಬಲ್ಲೂ ಒಂದೇ, ಮೇಲಿನ ಡಿಸ್ಕ್‌ಗಳ ತನಕ ಎಟುಕುತ್ತಿಲ್ಲ. ಎರಡು ವರ್ಷದ ಹಿಂದೆ ಹಳೇ ಪಿಸಿಗೆ ಹಾಕಿಸಿದ್ದ ಎಸ್‌ಎಂಪಿಎಸ್‌ನಲ್ಲೂ ಬಿಚ್ಚಿ ಹಾಕುವ ಕೇಬಲ್‌ಗಳಿವೆ. ಎರಡೂ ಥರದ್ದು ಅಲ್ಲಿಂದ ತೆಗೆದು ಇಲ್ಲಿ ಹಾಕಬಹುದಾ? ತುದಿ ನೋಡಿದರೆ ಸರಿಯಾಗಿ ಕೂರುವ ಹಾಗಿದೆ.

ಹಳೇ ಸ್ಕ್ರೂಡ್ರೈವರ್

ಬೋರ್ಡ್‌ನಿಂದ ಡಿಸ್ಕ್‌ಗೆ ಹೋಗುವ ಚಪ್ಪಟೆ ಡೇಟಾ ಕೇಬಲ್ ಹಳೆಯದೇ ಹಾಕಿ, ಏನೂ ತೊಂದರೆ ಇಲ್ಲ. ಎಸ್‌ಎಂಪಿಎಸ್ ಕೇಬಲ್ ಮಾತ್ರ ಖಂಡಿತ ಬೇಡ. ಕಂಪನಿ ಕಂಪನಿಗೆ, ಒಂದೇ ಕಂಪನಿಯ ಮಾಡೆಲ್ ಮಾಡೆಲ್‌ಗೂ, ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು. ತುದಿ ಕೂರುತ್ತೆ, ಆದರೆ 5 ವೋಲ್ಟ್ ಹೋಗುವ ಕಡೆ 12 ವೋಲ್ಟ್ ಹೋಗಿ ಡಿಸ್ಕ್ ಸುಟ್ಟು ಹೋಗಬಹುದು. ಇಷ್ಟು ವರ್ಷದ ಮದುವೆಗಳು ಒಂದೇ ಸಲಕ್ಕೆ. ಹೊಸ ಎಸ್‌ಎಂಪಿಎಸ್ ಡಬ್ಬಿಯ ತಳದಲ್ಲಿ ಇನ್ನೊಂದು ಕೇಬಲ್ ಇರಬೇಕು, ಹುಡುಕಿ.

ಹರಿಹರದ ಸ್ಟುಡಿಯೊ

ಕೈಯಲ್ಲೇ ಹಿಡಿದುಕೊಂಡು ಟೈಪ್ ಮಾಡುತ್ತಿದ್ದೆ ಸರ್. ಕೆಳಗಿಟ್ಟೆ. ಅಳಿಯ ಡಬ್ಬಿ ಹುಡುಕುತ್ತಿದ್ದಾನೆ.